ಕಲ್ಲಚ್ಚಿನಿಂದ ಸರ್ವರ್‌ವರೆಗೆ

ಜತ್ತ ತಾಲ್ಲೂಕಿನ ನಮ್ಮ ಯುವಕೂಟಕ್ಕೆ ವೆಬ್‌ಸೈಟ್ ಬೇಕೆಂದಾಗ ಎರಡು ಪ್ರಶ್ನೆ ಎದ್ದವು. ಯಾವ ಫ್ರೇಮ್‌ವರ್ಕ್‌ನಲ್ಲಿ ಕಟ್ಟುವುದು? ಯಾರ ಸರ್ವರ್‌ನಲ್ಲಿ ಇಡುವುದು?

ಹೆಚ್ಚುಕಡಿಮೆ ಇದೇ ಪ್ರಶ್ನೆ 1843ರಲ್ಲಿ ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಅವರ ಮುಂದಿತ್ತು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಅವರು ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಮುದ್ರಿಸಿದರು. ಜಿಡ್ಡಿನ ಶಾಯಿಯಲ್ಲಿ ಪುಟವನ್ನು ಕಲ್ಲಿನ ಮೇಲೆ ಮೂಡಿಸಿ ಪ್ರತಿ ತೆಗೆಯಬೇಕು. ಅದೇ ಕಲ್ಲು ಮತ್ತೆ ಬೇಕಾದರೆ ಹಳೆಯ ಪುಟವನ್ನು ಉಜ್ಜಿ ಅಳಿಸಬೇಕು. ಎಂಥ ತಾಳ್ಮೆ ನೋಡಿ! ಮರುವರ್ಷವೇ ಪತ್ರಿಕೆ ಅಚ್ಚುಮೊಳೆಗಳಿದ್ದ ಬಳ್ಳಾರಿಗೆ ಹೋಯಿತು, ‘ಕನ್ನಡ ಸಮಾಚಾರ’ ಎಂಬ ಹೆಸರಿನಲ್ಲಿ. ಸಾಧನವೂ ಬದಲಾಯಿತು, ಊರೂ ಬದಲಾಯಿತು.

ವೆಬ್‌ನಲ್ಲಿ ಹಾಗೆ ಹೊರಡಲಾಗದೆ ಉಳಿದವರೂ ಇದ್ದಾರೆ. 1994ರಲ್ಲಿ ಶುರುವಾದ ಜಿಯೋಸಿಟೀಸ್‌ನಲ್ಲಿ ಪುಟ ಇಡಲು ಕಾಸು ಬೇಕಿರಲಿಲ್ಲ. 2009ರಲ್ಲಿ ಯಾಹೂ ಅದನ್ನು ಅಮೆರಿಕದಲ್ಲಿ ಮುಚ್ಚಿದಾಗ, ಬೇರೆ ಪ್ರತಿ ಇಟ್ಟುಕೊಳ್ಳದವರಿಗೆ ದಿಕ್ಕು ತೋಚಲಿಲ್ಲ. ನಮ್ಮ ಕನ್ನಡಕ್ಕೆ ಇನ್ನೊಂದು ತಾಪತ್ರಯ: ಹಳೆಯ ಫಾಂಟ್‌ಗಳಲ್ಲಿ ಟೈಪಿಸಿದ ಫೈಲು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಯೂನಿಕೋಡ್ ಆದರೆ ಆ ಕಾಟವಿಲ್ಲ.

ನಮ್ಮಲ್ಲಿ ಕೆಲವರಿಗೆ 2003ರಿಂದ ಇರುವ ವರ್ಡ್‌ಪ್ರೆಸ್ ಇಷ್ಟವಾಗಿತ್ತು. ಸುಲಭ, ನಿಜ, ಆದರೆ ಡೇಟಾಬೇಸ್ ಬೇಕು, ಅಪ್‌ಡೇಟ್ ಮರೆತರೆ ಅಪಾಯ. ಪರೀಕ್ಷೆ ಬಂದರೆ ನಾವು ಮರೆಯುವವರೇ. ಕೊನೆಗೆ 2008ರ ಜೆಕಿಲ್ ಆರಿಸಿದೆವು. ಬರಹಗಳು ಸಾದಾ ಫೈಲುಗಳಾಗಿ ನಮ್ಮ ಬಳಿಯೇ ಇರುತ್ತವೆ, ಸಿದ್ಧ ಪುಟಗಳು ಹಗುರ, ಹಳ್ಳಿಯ ನಿಧಾನ ನೆಟ್‌ನಲ್ಲೂ ತೆರೆಯುತ್ತವೆ, ಯಾವ ಸರ್ವರ್‌ಗಾದರೂ ಒಯ್ಯಬಹುದು. ಡೊಮೇನ್ ಕೂಟದ ಹೆಸರಿನಲ್ಲೇ ಇದೆ. ತಿಂಗಳಿಗೊಮ್ಮೆ ಪೆನ್‌ಡ್ರೈವ್‌ಗೆ ನಕಲು ತೆಗೆಯುವವರು ಯಾರು ಎಂಬುದಷ್ಟೇ ಇನ್ನೂ ಇತ್ಯರ್ಥವಾಗಿಲ್ಲ.