ತಣ್ಣಗಾದರೆ ಗಟ್ಟಿಯಾಗುವ ಪ್ರೋಟೀನ್: ಒಂದು ನರರೋಗದ ಕಾರಣ ಸಿಕ್ಕ ಕಥೆ

ಚಳಿಗಾಲದ ಬೆಳಗ್ಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗಿರತ್ತೆ, ಬಿಸಿಲಿಗಿಟ್ಟರೆ ಕರಗತ್ತೆ. ಕೆಲವರ ರಕ್ತದಲ್ಲೂ ಹೀಗೆ ವರ್ತಿಸೋ ಪ್ರೋಟೀನ್ ಇರತ್ತೆ. ಅದು ಕಾಲಿನ ನರಗಳನ್ನೇ ಹಾಳು ಮಾಡಬಲ್ಲದು. ಇವತ್ತಿನ ಎಪಿಸೋಡ್ ಅದರ ಇತಿಹಾಸದ ಬಗ್ಗೆ.

1933ರಲ್ಲಿ ಅಮೆರಿಕದ ವೈದ್ಯರಾದ ವಿಂಟ್ರೋಬ್ ಮತ್ತು ಬ್ಯುಯೆಲ್ ಒಂದು ವಿಚಿತ್ರ ಗಮನಿಸಿದರು. ಮಲ್ಟಿಪಲ್ ಮೈಲೋಮಾ ಎಂಬ ಕ್ಯಾನ್ಸರ್ ಇದ್ದ ರೋಗಿಯೊಬ್ಬರ ಸೀರಮ್ ತಣ್ಣಗಾದಾಗ ಅದರಲ್ಲಿ ಗಸಿ ಕೂರುತ್ತಿತ್ತು. 1947ರಲ್ಲಿ ಲರ್ನರ್ ಮತ್ತು ವಾಟ್ಸನ್ ಇಂಥ ಪ್ರೋಟೀನಿಗೆ ಕ್ರಯೋಗ್ಲಾಬ್ಯುಲಿನ್ ಅಂತ ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಕ್ರಯೋಸ್ ಅಂದ್ರೆ ಚಳಿ.

1966ರಲ್ಲಿ ಮೆಲ್ಟ್ಜರ್ ಮತ್ತು ಫ್ರಾಂಕ್ಲಿನ್ ಇನ್ನೊಂದು ಬಗೆಯನ್ನು ವಿವರಿಸಿದರು. ಕಾಲ ಮೇಲೆ ಕೆಂಪು-ನೇರಳೆ ಚುಕ್ಕೆ, ಕೀಲುನೋವು, ನಿಶ್ಶಕ್ತಿ. ಗಸಿಯಲ್ಲಿ ಸಿಕ್ಕಿದ್ದು ಒಂದಕ್ಕೊಂದು ಅಂಟಿಕೊಂಡ ಎರಡು ಬಗೆಯ ಪ್ರತಿಕಾಯಗಳು. ಪ್ರತಿಕಾಯದ ಕೆಲಸ ರೋಗಾಣು ಹಿಡಿಯೋದು. ಇಲ್ಲಿ ಐಜಿಎಂ ಎಂಬ ಪ್ರತಿಕಾಯ ನಮ್ಮದೇ ಐಜಿಜಿ ಪ್ರತಿಕಾಯವನ್ನು ಹಿಡಿದಿತ್ತು. ಕಾವಲುಗಾರ ಇನ್ನೊಬ್ಬ ಕಾವಲುಗಾರನನ್ನೇ ಹಿಡಿದ ಹಾಗೆ!

ಈ ಜೋಡಿಗಳು ಸಣ್ಣ ರಕ್ತನಾಳಗಳ ಗೋಡೆಯಲ್ಲಿ ಕೂತು ಉರಿಯೂತ ಹುಟ್ಟಿಸುತ್ತವೆ. ನರಕ್ಕೂ ಅದರದೇ ಕೂದಲೆಳೆಯಂಥ ರಕ್ತನಾಳಗಳಿವೆ. ಅವು ಕಟ್ಟಿಕೊಂಡರೆ ನರ ಉಪವಾಸ ಬೀಳತ್ತೆ. ಸಾಮಾನ್ಯವಾಗಿ ಪಾದದಿಂದಲೇ ಉರಿ, ಜೋಮು ಶುರು. ಕೆಲವರಿಗೆ ಪಾದ ಎತ್ತೋಕೂ ಆಗಲ್ಲ.

ಆದರೆ ಈ ಪ್ರತಿಕಾಯ ಹುಟ್ಟೋದ್ಯಾಕೆ? ಗೊತ್ತಿರಲಿಲ್ಲ. ಅದಕ್ಕೇ ಹೆಸರಿನ ಹಿಂದೆ 'ಎಸೆನ್ಷಿಯಲ್' ಅಂತ ಸೇರಿಸಿದರು. ವೈದ್ಯರ ಭಾಷೆಯಲ್ಲಿ ಅದಕ್ಕೆ ಕಾರಣ ತಿಳಿದಿಲ್ಲ ಅಂತ ಅರ್ಥ. ನಾನು ಓದಿದ್ದು ಬಿಕಾಂ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ವ್ಯತ್ಯಾಸದ ಮೊತ್ತವನ್ನು ಸಸ್ಪೆನ್ಸ್ ಅಕೌಂಟಿಗೆ ಹಾಕ್ತೀವಿ. 'ಎಸೆನ್ಷಿಯಲ್' ಕೂಡ ಅಂಥದ್ದೇ ಖಾತೆ. 1977ರಲ್ಲಿ ಹೆಪಟೈಟಿಸ್ ಬಿ ಮೇಲೆ ಅನುಮಾನ ಬಂತು. ಆದರೆ ಬಹುತೇಕ ರೋಗಿಗಳಿಗೆ ಅದು ಹೊಂದಲಿಲ್ಲ.

ಅದೇ ಹೊತ್ತಿಗೆ ಯಕೃತ್ತಿನ ತಜ್ಞರ ಬಳಿಯೂ ಇಂಥದ್ದೊಂದು ಬಾಕಿ ಇತ್ತು. ರಕ್ತ ಕೊಡಿಸಿಕೊಂಡವರಿಗೆ ಬರುತ್ತಿದ್ದ ಒಂದು ಕಾಮಾಲೆಯನ್ನು 'ಎ ಅಲ್ಲದ, ಬಿ ಅಲ್ಲದ ಹೆಪಟೈಟಿಸ್' ಅಂತಲೇ ಕರೆಯುತ್ತಿದ್ದರು. 1989ರಲ್ಲಿ ಮೈಕೆಲ್ ಹೌಟನ್ ತಂಡ ಅದರ ವೈರಸ್ ಪತ್ತೆ ಮಾಡಿತು. ಅದೇ ಹೆಪಟೈಟಿಸ್ ಸಿ. ಹೊಸ ಪರೀಕ್ಷೆಯನ್ನು ಆ 'ಎಸೆನ್ಷಿಯಲ್' ರೋಗಿಗಳಿಗೆ ಮಾಡಿದಾಗ ಬಹುಪಾಲು ಜನರಲ್ಲಿ ಅದೇ ವೈರಸ್ ಸಿಕ್ಕಿತು! ಎರಡು ಪುಸ್ತಕದ ಬಾಕಿ, ಲೆಕ್ಕ ಒಂದೇ.

ಕಾರಣ ಸಿಕ್ಕಿದ್ದರಿಂದ ಚಿಕಿತ್ಸೆಯ ದಾರಿಯೂ ಬದಲಾಯಿತು. 2013ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಸೊಫೊಸ್ಬುವಿರ್‌ನಂಥ ಮಾತ್ರೆಗಳಿಂದ ಈಗ ಹೆಚ್ಚಿನವರಲ್ಲಿ ವೈರಸ್ಸೇ ಹೋಗತ್ತೆ. ಭಾರತದಲ್ಲಿ 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಪರೀಕ್ಷೆ, ಔಷಧ ಉಚಿತ. ಆದರೆ ಸತ್ತ ನರ ಬೇಗ ಚಿಗುರಲ್ಲ, ಕೆಲವರಿಗೆ ಜೋಮು ಉಳಿದೇಬಿಡತ್ತೆ. ಹಾಗಾಗಿ ಬೇಗ ಪತ್ತೆಯಾಗೋದು ಮುಖ್ಯ.

ಇಲ್ಲೊಂದು ತೊಡಕಿದೆ. ಈ ಪರೀಕ್ಷೆಗೆ ತೆಗೆದ ರಕ್ತವನ್ನು ಸೀರಮ್ ಬೇರ್ಪಡಿಸೋವರೆಗೂ 37 ಡಿಗ್ರಿಯಲ್ಲೇ ಇಡಬೇಕು. ದಾರಿಯಲ್ಲಿ ತಣ್ಣಗಾದರೆ ಪ್ರೋಟೀನ್ ಹೆಪ್ಪಿನ ಜೊತೆಗೇ ಹೋಗಿ, ರಿಪೋರ್ಟ್ ನೆಗೆಟಿವ್ ಬರಬಹುದು. ಪಾದ ಉರಿಗೆ ಸಕ್ಕರೆ ಕಾಯಿಲೆಯಂಥ ಸಾಮಾನ್ಯ ಕಾರಣಗಳೇ ಹೆಚ್ಚು, ಗಾಬರಿ ಬೇಡ. ಆದರೆ ಉರಿಯ ಜೊತೆ ಕಾಲ ಮೇಲೆ ಚುಕ್ಕೆಗಳೂ ಇದ್ದರೆ, ಹಿಂದೆ ಯಾವಾಗಲೋ ರಕ್ತ ಹಾಕಿಸಿಕೊಂಡಿದ್ದರೆ, ಅದನ್ನು ಡಾಕ್ಟರಿಗೆ ಹೇಳೋದು ಮರೀಬೇಡಿ.