ಪಠ್ಯದಲ್ಲಿಲ್ಲದ ಕೃಷ್ಣೆ

ಮೂವತ್ತಕ್ಕೂ ಹೆಚ್ಚು ವರ್ಷ ನಾನು ಇತಿಹಾಸ ಕಲಿಸಿದೆ. ಚಾಲುಕ್ಯರು, ಆದಿಲ್‌ಶಾಹಿಗಳು, ಪೇಶ್ವೆಗಳು ನನ್ನ ಕರಿಹಲಗೆಯ ಮೇಲೆ ಬಂದು ಹೋದರು. ಆದರೆ ಊರ ಪಕ್ಕದಲ್ಲಿಯೇ ಹರಿಯುವ ಕೃಷ್ಣೆಗೂ, ಅದರ ದಂಡೆಯ ಮಣ್ಣಿಗೂ ಇತಿಹಾಸವುಂಟೆಂದು ಒಮ್ಮೆಯೂ ಹೇಳಲಿಲ್ಲ. ಅದನ್ನು ನನಗೆ ತೋರಿಸಿಕೊಟ್ಟವನು ನನ್ನ ಶಿಷ್ಯನೇ.

ಅವನು ಈಗ ವಿಶ್ವವಿದ್ಯಾಲಯವೊಂದರಲ್ಲಿ ಪರಿಸರ ಇತಿಹಾಸದ ಉಪನ್ಯಾಸಕ. ಕಳೆದ ದೀಪಾವಳಿಗೆ ರಾಯಬಾಗ ತಾಲೂಕಿನ ನಮ್ಮ ಮನೆಗೆ ಬಂದಿದ್ದ. "ಅಲ್ಲೇನು ಕಲಸ್ತೀಯೋ ತಮ್ಮಾ?" ಎಂದು ಕೇಳಿದೆ. ಮನುಷ್ಯನು ನೆಲ, ನೀರು, ಕಾಡುಗಳನ್ನು ಹೇಗೆ ಬದಲಿಸಿದ, ಅವು ಮನುಷ್ಯನನ್ನು ಹೇಗೆ ಬದಲಿಸಿದವು ಎಂಬುದೇ ತನ್ನ ಪಾಠವೆಂದ. ಮಾಧವ ಗಾಡ್ಗೀಳ್ ಮತ್ತು ರಾಮಚಂದ್ರ ಗುಹಾ 1992ರಲ್ಲಿ ಪ್ರಕಟಿಸಿದ ಭಾರತದ ಪರಿಸರ ಇತಿಹಾಸದ ಗ್ರಂಥದಿಂದ ತರಗತಿ ಆರಂಭಿಸಿ, ಕೊನೆಗೆ ವಿದ್ಯಾರ್ಥಿಗಳನ್ನು ಅವರವರ ಊರಿಗೇ ಕಳಿಸುತ್ತಾನಂತೆ. 1884ರ ಬೆಳಗಾವಿ ಜಿಲ್ಲಾ ಗ್ಯಾಝೆಟಿಯರ್, ಹಳೆಯ ಪಹಣಿ, ಮಳೆಯ ಲೆಕ್ಕ, ಮುದುಕರ ಮಾತು ಎಲ್ಲವೂ ಅವನಿಗೆ ದಾಖಲೆಗಳೇ.

ಅವನು ಹೇಳುತ್ತ ಹೋದಂತೆ ನಾನು ಕಂಡುಂಡ ಸೀಮೆಯೇ ಹೊಸದಾಗಿ ಕಾಣತೊಡಗಿತು. ದೂಧಗಂಗೆ ಕೃಷ್ಣೆಯನ್ನು ಕೂಡುವ ಚಿಕ್ಕೋಡಿ ಸೀಮೆಯಿಂದ ಅಥಣಿಯವರೆಗೆ ನದಿ ಹತ್ತಿರವಿದ್ದರೂ ಎತ್ತರದ ಹೊಲಗಳಿಗೆ ಮಳೆಯೇ ಗತಿಯಾಗಿತ್ತು. 1876–78ರ ಬರ ಅದಕ್ಕೆ ಸಾಕ್ಷಿ. ಆಮೇಲೆ ಉಗಾರದಲ್ಲಿ ಸಕ್ಕರೆ ಕಾರ್ಖಾನೆ ಬಂತು. ಮುಂದೆ ಪಂಪುಸೆಟ್ಟುಗಳು ನದಿಯನ್ನು ಮೇಲಕ್ಕೆತ್ತಿದವು. ಹಿಡಕಲ್ ಆಣೆಕಟ್ಟಿನ ಕಾಲುವೆಗಳು ಘಟಪ್ರಭೆಯ ನೀರನ್ನೂ ತಂದವು. ಜೋಳದ ಸೀಮೆ ಕಬ್ಬಿನ ಸೀಮೆಯಾಯಿತು. ನಿಪ್ಪಾಣಿಯ ತಂಬಾಕು ಬೆಳೆಗಾರರು ಬೆಲೆಗಾಗಿ 1981ರಲ್ಲಿ ಹೋರಾಡಿ, ಗೋಲಿಬಾರಿನಲ್ಲಿ ಕೆಲವರು ಪ್ರಾಣ ತೆತ್ತರು. ಅದನ್ನು ನಾವು ಬರಿಯ ಬೆಲೆಯ ಕಥೆಯೆಂದು ತಿಳಿದಿದ್ದೆವು. ಮಳೆಯನ್ನೇ ನಂಬಿದ ಹೊಲದಲ್ಲಿ ರೈತನಿಗೆ ಬೇರೆ ಬೆಳೆಯ ಆಯ್ಕೆ ಎಷ್ಟಿತ್ತೆಂಬುದೂ ಅದರಲ್ಲಿ ಅಡಗಿದೆ ಎಂದು ಅವನು ವಿವರಿಸಿದ.

ನದಿಯೂ ಸುಮ್ಮನಿರಲಿಲ್ಲ. 2005ರಲ್ಲಿಯೂ 2019ರಲ್ಲಿಯೂ ಕೃಷ್ಣೆ ದಂಡೆಯ ಊರುಗಳನ್ನು ಹೊಕ್ಕಿತು. ಒಬ್ಬರು ಮೇಲಿನ ಕೊಯ್ನಾದತ್ತ, ಇನ್ನೊಬ್ಬರು ಕೆಳಗಿನ ಆಲಮಟ್ಟಿಯತ್ತ ಬೆರಳು ತೋರಿದರು. ಆಣೆಕಟ್ಟುಗಳ ಜೊತೆಗೆ ಮಳೆಯನ್ನೂ, ನದಿಯ ಅಂಚಿನವರೆಗೆ ಚಾಚಿದ ನಮ್ಮ ಹೊಲಮನೆಗಳನ್ನೂ ಲೆಕ್ಕಕ್ಕೆ ಹಿಡಿಯಬೇಕೆಂಬುದು ಅವನ ಮತ.

ಸಂಜೆ ಅವನನ್ನು ನಮ್ಮ ಹೊಲಕ್ಕೆ ಕರೆದೊಯ್ದೆ. ತಗ್ಗಿನ ಭಾಗ ಸವಳು ಹಿಡಿದು ಬಿದ್ದಿದೆ. ಎಡೆಬಿಡದೆ ನೀರು ಹಾಯಿಸಿದರೆ ಎರೆಮಣ್ಣಿನಲ್ಲಿ ಅದು ಬಸಿದುಹೋಗುವುದಿಲ್ಲ. ಅಂತರ್ಜಲ ಮೇಲೇರಿ, ನೀರು ಆವಿಯಾಗಿ, ಉಪ್ಪು ಮಾತ್ರ ಉಳಿಯುತ್ತದೆ. ಅವನು ವಹಿ ತೆರೆದು ಕೇಳಿದ: "ಗುರುಗಳೇ, ಇಲ್ಲಿ ಜ್ವಾಳ ಬೆಳೆಯೂದು ಯಾವ ವರ್ಷ ನಿಂತಿತ್ರಿ?"

ನನ್ನಲ್ಲಿ ಉತ್ತರವಿರಲಿಲ್ಲ. ತಾಳಿಕೋಟೆಯ ಯುದ್ಧದ ಇಸವಿಯನ್ನು ನಿದ್ದೆಯಲ್ಲಿಯೂ ಹೇಳಬಲ್ಲವನಿಗೆ ತಂದೆಯ ಹೊಲ ಸತ್ತ ಇಸವಿ ಗೊತ್ತಿರಲಿಲ್ಲ! ಕಬ್ಬಿನ ಆಸೆಗೆ ಪಂಪುಸೆಟ್ಟು ಕೂಡಿಸಿದ್ದು ನನ್ನ ಸಂಬಳದ ಮೇಲೆ ತೆಗೆದ ಸಾಲದಿಂದಲೇ. ಅಣ್ಣ ನೀರು ಹಾಯಿಸುತ್ತಿದ್ದ. ನಾನು ಕಂತು ಕಟ್ಟುತ್ತಿದ್ದೆ. ಇಬ್ಬರೂ ಮಣ್ಣನ್ನು ನೋಡಲಿಲ್ಲ.

ಮನೆಗೆ ಬಂದು ಈ ಮಾತೆತ್ತಿದಾಗ ವೈನಿ ಒಲೆಯ ಮುಂದಿನಿಂದಲೇ ಹೇಳಿದರು: "ನಮ್ಮ ದೊಡ್ಡ ಹುಡುಗ ಎಸ್ಸೆಸ್ಸೆಲ್ಸಿಗೆ ಕುಂತ ವರ್ಷ ನೋಡ್ರಿ. ಆ ಸಲ ಜ್ವಾಳ ಮೊಣಕಾಲ ಮ್ಯಾಲ ಏಳಲೇ ಇಲ್ಲ. ಬೆಳ್ಳಗ ಉಪ್ಪು ಕಟ್ಟಿತ್ತು. ಮುಂದ ರೊಟ್ಟಿಗೆ ಜ್ವಾಳ ಕೊಂಡೇ ತಂದೇವಿ."

ಅಂದರೆ 1994. ಶಿಷ್ಯ ಅದನ್ನು ಬರೆದುಕೊಂಡ. ಆ ವರ್ಷ ಹುಡುಗನ ಅಂಕಗಳನ್ನು ನಾನು ಹತ್ತು ಸಲ ಕೂಡಿಸಿ ನೋಡಿದ್ದೆ; ಹೊಲಕ್ಕೆ ಒಮ್ಮೆಯೂ ಹೋಗಿರಲಿಲ್ಲ.

ಉಗಾರ ಬುದ್ರುಕದಲ್ಲಿ ನೆಲದಡಿ ಕೊಳವೆ ಹೂಡಿ ಸವಳು ಬಸಿದದ್ದುಂಟು. ನಮ್ಮ ತಗ್ಗಿನಲ್ಲಿಯೂ ಅದನ್ನು ಮಾಡಿಸಬೇಕೆಂದು ಅಣ್ಣನ ಮಗನಿಗೆ ಹೇಳಿದ್ದೇನೆ. ನನ್ನ ಕೈಲಾದ ಹಣ ಕೊಡುವೆ; ಅದು ನನ್ನ ಹಳೆಯ ಸಾಲ.

ಪ್ರಿಯ ಶಿಷ್ಯರೇ, ಬಂಧುಗಳೇ, ನಿಮ್ಮ ಬಾವಿ ಬತ್ತಿದ ವರ್ಷ, ಮಹಾಪೂರ ಯಾವ ಮೆಟ್ಟಿಲಿಗೆ ಬಂದಿತ್ತೆಂಬುದು, ಜೋಳ ನಿಂತ ಸುಗ್ಗಿ—ಇವನ್ನು ಮನೆಯ ಹಿರಿಯರನ್ನು ಕೇಳಿ ಬರೆದಿಡಿ. ಅಡುಗೆಮನೆಯಲ್ಲಿದ್ದವರನ್ನು ಮೊದಲು ಕೇಳಿ. ನಾನು ಕಲಿಸದೆ ಬಿಟ್ಟ ಪಾಠ ಅದು.