ತೇಪೆಯ ಚರಿತ್ರೆ ಬರೆಯುವವರು ಯಾರು?

ನಮ್ಮಲ್ಲಿ ಬಟ್ಟೆಯ ಚರಿತ್ರೆಯೆಂದರೆ ಇಳಕಲ್ ಸೀರೆ, 1912ರಲ್ಲಿ ಆರಂಭವಾದ ಮೈಸೂರಿನ ರೇಷ್ಮೆ ಕಾರ್ಖಾನೆ, ಬೆಂಗಳೂರಿನ ಬಿನ್ನಿ ಮಿಲ್ಲು. ನೇಯ್ದದ್ದರ ಬಗ್ಗೆ ಪುಸ್ತಕಗಳಿವೆ. ಹರಿದದ್ದನ್ನು ಹೊಲಿದವರ ಬಗ್ಗೆ ಬರೆದವರು ಕಮ್ಮಿ. ಕಾಮಾಕ್ಷಿಪಾಳ್ಯದ ನಮ್ಮ ಬಾಡಿಗೆ ಮನೆಯಲ್ಲಿ ಆ ಚರಿತ್ರೆ ಅವ್ವನ ಬಿಸ್ಕತ್ತಿನ ಡಬ್ಬಿಯಲ್ಲಿತ್ತು: ಸೂಜಿ, ದಾರ, ಕಿತ್ತಿಟ್ಟ ಗುಂಡಿಗಳು.

ಅವ್ವ ಹಗಲೆಲ್ಲ ಮಾಗಡಿ ರಸ್ತೆಯ ಗಾರ್ಮೆಂಟ್ಸ್‌ನಲ್ಲಿ ಹೊಸ ಅಂಗಿಗಳ ದಾರ ಕತ್ತರಿಸಿ, ರಾತ್ರಿ ನಮ್ಮ ಹಳೇ ಅಂಗಿಗೆ ದಾರ ಪೋಣಿಸುತ್ತಿದ್ದಳು. ಕಾಲರು ಸವೆದರೆ ಬಿಚ್ಚಿ, ತಿರುವಿ ಹೊಲಿಯುವಳು. ಸೀರೆ ನಡುವೆ ಜಾಳಾದರೆ ಅಷ್ಟನ್ನು ಕತ್ತರಿಸಿ ಎರಡು ತುಂಡು ಕೂಡಿಸುವಳು. ತೇಪೆಯ ತುಂಡನ್ನು ಅದೇ ಅಂಗಿಯ ಒಳಮಡಿಕೆಯಿಂದಲೇ ತೆಗೆಯುವಳು. 'ಅದೇ ಬಣ್ಣ, ಗೊತ್ತಾಗಾಕಿಲ್ಲ' ಅನ್ನುವಳು. ಗೊತ್ತಾಗದಿರುವುದೇ ಅವಳ ಕಸುಬಿನ ಹೆಚ್ಚುಗಾರಿಕೆ.

ಈಚೆಗೆ ನಾನು ಪಾಠ ಮಾಡುವ ಕಾಲೇಜಿನಲ್ಲಿ ಪರಿಸರದ ಕಾರ್ಯಕ್ರಮ ನಡೆಯಿತು. ಒಂದು ಹತ್ತಿ ಅಂಗಿಯ ಹಿಂದೆ ಸುಮಾರು 2,500 ಲೀಟರ್ ನೀರಿದೆಯೆಂಬ ಅಂದಾಜಿದೆ, ಬಟ್ಟೆ ಬಿಸಾಡಬೇಡಿ, ತೇಪೆ ಹಾಕಿ, ಅದು ಎದ್ದು ಕಾಣಲಿ ಎಂದರು. ಮಾತು ಸರಿಯೇ. ಅದೇ ಹೊತ್ತಿಗೆ ನನ್ನ ತರಗತಿಯ ಹುಡುಗಿಯೊಬ್ಬಳು ತೋಳಿನ ತೇಪೆಯ ಮೇಲೆ ದುಪಟ್ಟಾ ಎಳೆದುಕೊಂಡಳು.

ಅವಳು ಮುಚ್ಚಿಕೊಂಡದ್ದು ಯಾಕೆ? ಮನುಸ್ಮೃತಿಯ ಹತ್ತನೇ ಅಧ್ಯಾಯದ 52ನೇ ಶ್ಲೋಕ ಚಂಡಾಲರಿಗೆ ಹೆಣದ ಬಟ್ಟೆಯನ್ನೂ ಒಡೆದ ಪಾತ್ರೆಯ ಊಟವನ್ನೂ ವಿಧಿಸುತ್ತದೆ. 125ನೆಯದು ಶೂದ್ರ ಸೇವಕನಿಗೆ ಎಂಜಲು, ಉಟ್ಟು ಹಳತಾದ ಬಟ್ಟೆ ಕೊಡಬೇಕೆನ್ನುತ್ತದೆ. ಅಂದರೆ ನಮ್ಮ ಮೈಮೇಲಿನ ಹಳೇ ಬಟ್ಟೆ ಬರೀ ಬಡತನದ್ದಲ್ಲ, ಕಟ್ಟಳೆಯದು.

1921ರಲ್ಲಿ ಗಾಂಧೀಜಿ ಮದುರೆಯಲ್ಲಿ ಅಂಗಿ ಬಿಟ್ಟು ತುಂಡು ಬಟ್ಟೆಗೆ ಬಂದರು. ಆ ತ್ಯಾಗವನ್ನು ಹಗುರ ಮಾಡುವುದು ನನ್ನ ಉದ್ದೇಶವಲ್ಲ. ಆದರೆ ಬಿಡಬೇಕಾದರೆ ಮೊದಲು ಅಂಗಿ ಇರಬೇಕು. ಬಾಬಾಸಾಹೇಬರ ಸೂಟನ್ನು ಆಡಿಕೊಳ್ಳುವವರು ಆ 52ನೇ ಶ್ಲೋಕವನ್ನು ಪಕ್ಕಕ್ಕಿಟ್ಟು ನೋಡಬೇಕು.

1927ರ ಡಿಸೆಂಬರ್‌ನಲ್ಲಿ ಮಹಾಡ್‌ನಲ್ಲಿ ಮನುಸ್ಮೃತಿಯನ್ನು ಸುಟ್ಟ ಸಮ್ಮೇಳನದಲ್ಲಿಯೇ ಅಂಬೇಡ್ಕರ್ ಹೆಂಗಸರೊಂದಿಗೂ ಮಾತಾಡಿದರು. ಮೇಲುಜಾತಿಯ ಹೆಂಗಸರಂತೆಯೇ ಸೀರೆ ಉಡಿ, ತೇಪೆಯಿದ್ದರೂ ಚಿಂತೆಯಿಲ್ಲ, ಸ್ವಚ್ಛವಾಗಿರಲಿ ಎಂಬುದು ಅವರ ಮಾತಿನ ಸಾರ. ಇದನ್ನು ಅನುಕರಣೆ ಎಂದು ತಳ್ಳಿಹಾಕುವ ವಿಮರ್ಶಕರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅಲ್ಲಿ ತೇಪೆಗೆ ನಾಚಿಕೆಯಿಂದ ಬಿಡುಗಡೆ ಸಿಕ್ಕಿದೆ. ಸೀರೆ ಉಡುವ ಬಗೆಯ ಮೇಲಿದ್ದ ಜಾತಿಯ ಗುರುತು ಮಾತ್ರ ಹೋಗಬೇಕಾಗಿದೆ. ಅವ್ವನಿಗೆ ಮಹಾಡ್ ಗೊತ್ತಿರಲಿಲ್ಲ. ಆದರೂ ಒಗೆಯದ ಅಂಗಿ ತೊಡಿಸಿ ನಮ್ಮನ್ನು ಇಸ್ಕೂಲಿಗೆ ಕಳಿಸಿದವಳಲ್ಲ.

ಕಸ ಕಮ್ಮಿ ಮಾಡುವ ಪಾಠವನ್ನು ಈಗ ನಮಗೇ ಹೇಳುತ್ತಿದ್ದಾರೆ. ನಮ್ಮ ಮನೆಯಲ್ಲಿ ಸೀರೆ ಕಸವಾಗುತ್ತಲೇ ಇರಲಿಲ್ಲ: ಲಂಗವಾಗಿ, ತೊಟ್ಟಿಲಾಗಿ, ಕೌದಿಯ ಪದರವಾಗಿ, ಕಡೆಗೆ ನೆಲ ಒರೆಸುವ ಬಟ್ಟೆಯಾಗುತ್ತಿತ್ತು. ಈ ತಿಳಿವಳಿಕೆಯನ್ನು ಅವಮಾನದ ಜೊತೆಗೇ ನಾವೂ ಬಿಸಾಡಬೇಕೆ ಎಂಬುದು ನನ್ನ ಪ್ರಶ್ನೆ. ಹೊಸದನ್ನು ತೊಡುವ ಹಕ್ಕು ಕೈಯಲ್ಲಿದ್ದಾಗಲೇ ಹಳೆಯದನ್ನು ಹೊಲಿಯುವುದು ನಮ್ಮ ಆಯ್ಕೆಯಾಗುತ್ತದೆ.

ಮೊದಲ ಸಂಬಳದಲ್ಲಿ ನಾನು ಎರಡು ಅಂಗಿ ಕೊಂಡು, ತೇಪೆಯ ಅಂಗಿಯನ್ನು ಕಸಕ್ಕೆ ಹಾಕಿದ್ದೆ. ಅವ್ವ ಬೈಯಲಿಲ್ಲ. ಎತ್ತಿಕೊಂಡು ಗುಂಡಿ ಕತ್ತರಿಸತೊಡಗಿದಳು: 'ಅಂಗಿ ಮ್ಯಾಲೆ ಸಿಟ್ಟು ಸರಿ ಕಣಪ್ಪ, ಗುಂಡಿ ಏನ್ ಮಾಡಿತ್ತು?'